ಮಸೆಲ್ ಸ್ನಾಯು, ಸೆರೊಟೋನಿನ್ ಮತ್ತು ಡ್ರಿಫ್ಟ್: ಬಿಗಿತ ಅಳೆಯುವ ರಿಗ್ ಕಟ್ಟಿದ ದಾಖಲೆ

ಮಾಡಬೇಕಿದ್ದ ಕೆಲಸ ಇಷ್ಟು. ನೀಲಿ ಮಸೆಲ್ ಎಂಬ ಸಮುದ್ರದ ಚಿಪ್ಪುಜೀವಿಯ ಒಂದು ಸ್ನಾಯುವನ್ನು ಬಿಡಿಸಿ ತೆಗೆದು ಸಮುದ್ರದ ನೀರಿನಲ್ಲಿ ತೂಗುಹಾಕಬೇಕು. ನರಗಳು ಸ್ನಾಯುವಿಗೆ ಸುದ್ದಿ ಮುಟ್ಟಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೊಟ್ಟು ಬಿಗಿಸಬೇಕು. ಔಷಧವನ್ನು ಪೂರ್ತಿ ತೊಳೆದ ಮೇಲೂ ಸ್ನಾಯು ಬಿಗಿ ಬಿಡದೆ ನಿಂತಿರುವುದನ್ನು ಅರ್ಧ ಗಂಟೆ ದಾಖಲಿಸಬೇಕು. ಕೊನೆಗೆ ಸೆರೊಟೋನಿನ್ ಹಾಕಿ, ಅದೇ ಸ್ನಾಯು ಒಂದೆರಡು ನಿಮಿಷದಲ್ಲಿ ಸಡಿಲವಾಗುವುದನ್ನು ಕಣ್ಣೆದುರು ತೋರಿಸಬೇಕು.

ಬೆಟ್ಟಿ ಟ್ವಾರಾಗ್ ಹಾರ್ವರ್ಡ್‌ನಲ್ಲಿ ಜಾನ್ ವೆಲ್ಷ್ ಅವರ ವಿದ್ಯಾರ್ಥಿನಿಯಾಗಿ ಮಾಡಿ, 1954ರಲ್ಲಿ ಅಚ್ಚಾದ ಪ್ರಯೋಗದ ತಿರುಳು ಇದೇ. ಸೆರೊಟೋನಿನ್ ಅನ್ನು ರಾಪೋರ್ಟ್, ಗ್ರೀನ್ ಮತ್ತು ಪೇಜ್ ಅವರು 1948ರಲ್ಲಿ ರಕ್ತದ ಸೀರಮ್‌ನಿಂದ ಬೇರ್ಪಡಿಸಿದಾಗ ಅದನ್ನು ರಕ್ತನಾಳ ಬಿಗಿಸುವ ವಸ್ತು ಎಂದೇ ನೋಡಿದ್ದರು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಕೆಲಸವೂ ಅದರದಿರಬಹುದು ಎಂಬ ಸುಳಿವು ಕೊಟ್ಟದ್ದು ಈ ಚಿಪ್ಪುಜೀವಿ. ಅದೇ ಸುಳಿವು ಹಿಡಿದು ಟ್ವಾರಾಗ್ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಇರ್ವಿನ್ ಪೇಜ್ ಜೊತೆ ಸಸ್ತನಿಗಳ ಮಿದುಳಿನಲ್ಲೂ ಸೆರೊಟೋನಿನ್ ಇದೆ ಎಂದು ತೋರಿಸಿದರು. ಆ ಪ್ರಬಂಧ 1953ರದು, ಮಸೆಲ್ ಪ್ರಬಂಧಕ್ಕಿಂತ ಮೊದಲೇ ಹೊರಬಂತು. ಮಿದುಳಿನ ಸಾರದಲ್ಲಿ ಸೆರೊಟೋನಿನ್ ಎಷ್ಟಿದೆ ಎಂದು ಅಳೆಯಲು ಅವರು ಬಳಸಿದ್ದು ಇನ್ನೊಂದು ಚಿಪ್ಪುಜೀವಿಯ, ಅಂದರೆ ಕ್ವಾಹಾಗ್ ಎಂಬ ದಪ್ಪ ಚಿಪ್ಪಿನ ಕ್ಲಾಮ್‌ನ, ಹೃದಯ.

ಈ ರಿಗ್, ಅಂದರೆ ಅಳತೆಯ ಉಪಕರಣದ ಜೋಡಣೆ, ಕಟ್ಟಿದ್ದು ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯ ಒಂದು ಬೋಧನಾ ಪ್ರಯೋಗಾಲಯದಲ್ಲಿ, ಮಾರ್ಚ್ ಮೊದಲ ವಾರದಿಂದ ಏಪ್ರಿಲ್ ನಡುವಿನವರೆಗೆ. ಕಟ್ಟುವವರು ಮೊದಲೇ ತಿಳಿದಿರಬೇಕಾದ ಮಾತು ಒಂದಿದೆ. ಕಪ್ಪೆಯ ಕಾಲಿನ ಸ್ನಾಯು ಸೆಕೆಂಡಿನೊಳಗೆ ಎಳೆದು ಬಿಡುತ್ತದೆ, ಉಪಕರಣದ ಅಳತೆ ತಾನಾಗಿ ಚೂರು ಅತ್ತಿತ್ತ ಜಾರಿದರೂ (ಇದಕ್ಕೇ ಡ್ರಿಫ್ಟ್ ಎನ್ನುವುದು) ಲೆಕ್ಕಕ್ಕೆ ಬರುವುದಿಲ್ಲ. ಮಸೆಲ್ ಹಾಗಲ್ಲ. ಇಲ್ಲಿ ನೋಡಬೇಕಾದದ್ದೇ ಅರ್ಧ ಗಂಟೆಯಲ್ಲಿ ನಿಧಾನವಾಗಿ ಇಳಿಯುವ ಗೆರೆ. ದಾರ ಹಿಗ್ಗಿದರೂ ಗೆರೆ ನಿಧಾನವಾಗಿ ಇಳಿಯುತ್ತದೆ, ಎಳೆತ ಅಳೆಯುವ ಲೋಡ್ ಸೆಲ್ ತಣ್ಣಗಾದರೂ ಇಳಿಯುತ್ತದೆ, ಗಂಟು ಜಾರಿದರೂ ಇಳಿಯುತ್ತದೆ. ಸ್ನಾಯು ತಾನಾಗಿ ಬಿಡುತ್ತಿದೆಯೋ ಉಪಕರಣ ಬಿಡುತ್ತಿದೆಯೋ ಎಂದು ಪರದೆಯ ಮೇಲಿನ ಗೆರೆ ನೋಡಿ ಹೇಳಲಾಗದು. ಆದ್ದರಿಂದ ಮೊದಲ ಎರಡು ವಾರ ಸ್ನಾಯುವನ್ನು ಮುಟ್ಟಲೇ ಇಲ್ಲ.

ಖರ್ಚು

100 ಗ್ರಾಂ ಲೋಡ್ ಸೆಲ್ ಎರಡು, ತಲಾ 11 ಡಾಲರ್ (ಎರಡನೆಯದು ಯಾಕೆ ಬೇಕಾಯಿತು ಎಂಬುದು ಮುಂದಿದೆ). ಸೆಲ್ಲಿನ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್ 711 ಬೋರ್ಡ್ 6, ಆ ಅಂಕಿ ಓದುವ ಆರ್ಡುಯಿನೊ ಊನೊ ಮಾದರಿಯ ಪುಟ್ಟ ಕಂಪ್ಯೂಟರ್ ಬೋರ್ಡ್ 15, ಅಕ್ರಿಲಿಕ್ ಕೊಳವೆ ಮತ್ತು ಸಿರಿಂಜ್‌ಗಳು 9, ಅಕ್ವೇರಿಯಂ ಪಂಪ್ 14, ಆಸ್ಪತ್ರೆಯಲ್ಲಿ ಡ್ರಿಪ್‌ಗೆ ಹಾಕುವ ಮೂರು ದಾರಿಯ ನಲ್ಲಿ 3, ಅಲ್ಯೂಮಿನಿಯಂ ಚೌಕಟ್ಟು ಮತ್ತು ಗುಜರಿಯಿಂದ ತಂದ ಉಕ್ಕಿನ ತಟ್ಟೆ 25, ರೇಷ್ಮೆ ಹೊಲಿಗೆ ದಾರ ಮತ್ತು ಸ್ಟೀಲ್ ತಂತಿ 8. ಒಟ್ಟು 102 ಡಾಲರ್. ಉಪ್ಪುಗಳು, ಔಷಧಗಳು, ಬೈನಾಕ್ಯುಲರ್ ಸೂಕ್ಷ್ಮದರ್ಶಕ ಪ್ರಯೋಗಾಲಯದಲ್ಲೇ ಇದ್ದವು.

ಮಾರ್ಚ್ 6: ಚೌಕಟ್ಟು ಮತ್ತು ಬಾತ್

ಉಕ್ಕಿನ ತಟ್ಟೆ 6 ಕಿಲೊ ತೂಗುತ್ತದೆ. ಅದರ ಮೇಲೆ 40 ಸೆಂಟಿಮೀಟರ್ ಎತ್ತರದ 20 ಮಿಲಿಮೀಟರ್ ಚೌಕದ ಅಲ್ಯೂಮಿನಿಯಂ ಕಂಬ. ಮೇಲೆ ಲೋಡ್ ಸೆಲ್, ಕೆಳಗೆ ಬಾತ್. ಲೋಡ್ ಸೆಲ್ ಕೂತ ಜಾರುಪಟ್ಟಿಯನ್ನು ಎಂ-3 ಸ್ಕ್ರೂ ಏರಿಸಿ ಇಳಿಸುತ್ತದೆ. ಆ ಸ್ಕ್ರೂವಿನ ಪಿಚ್ 0.5 ಮಿಲಿಮೀಟರ್, ಆದ್ದರಿಂದ ಒಂದು ಪೂರ್ತಿ ಸುತ್ತು ಅಂದರೆ ಅರ್ಧ ಮಿಲಿಮೀಟರ್. ಇದು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಬಾತ್ ಅಂದರೆ 20 ಮಿಲಿಲೀಟರ್ ಸಿರಿಂಜಿನ ಹೊರಕೊಳವೆ. ಅದನ್ನು ಅಗಲವಾದ ಅಕ್ರಿಲಿಕ್ ಕೊಳವೆಯೊಳಗೆ ಕೂರಿಸಿ, ಎರಡರ ನಡುವೆ ತಣ್ಣೀರು ಹರಿಸಲಾಗಿದೆ. ತಣ್ಣೀರು ಬರುವುದು ಐಸ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆಯಿಂದ, ಅಕ್ವೇರಿಯಂ ಪಂಪ್ ಮೂಲಕ. ಒಳಗಿನ ನೀರು 10 ಮಿಲಿಲೀಟರ್ ಗೆರೆಗೆ ನಿಲ್ಲುವಂತೆ ಮೇಲೆ ಹೀರುಕೊಳವೆ ಇದೆ. 10 ಮಿಲಿಲೀಟರ್ ಆದರೆ ಲೆಕ್ಕ ಸುಲಭ: 10 ಮೈಕ್ರೊಲೀಟರ್ ಹಾಕಿದರೆ ಸರಿಯಾಗಿ ಸಾವಿರ ಪಟ್ಟು ತೆಳುವಾಗುತ್ತದೆ.

ಮೊದಲ ತಪ್ಪು ಇಲ್ಲೇ ಆಯಿತು. ಗಾಳಿಗುಳ್ಳೆ ಬಿಡುವ ಕಲ್ಲನ್ನು ಬಾತ್ ಒಳಗೇ ಇಟ್ಟೆವು. ಗುಳ್ಳೆಗಳು ತಂತಿಗೆ ಬಡಿದು ಗೆರೆ 0.3 ಗ್ರಾಂನಷ್ಟು ನಡುಗಿತು. ಕಲ್ಲನ್ನು ಮೇಲಿನ ನೀರಿನ ಬಾಟಲಿಗೆ ಸಾಗಿಸಿ, ಗಾಳಿ ತುಂಬಿದ ನೀರನ್ನೇ ಕೆಳಗಿನಿಂದ ಬಾತ್‌ಗೆ ಬಿಟ್ಟ ಮೇಲೆ ನಡುಕ ನಿಂತಿತು. ಅರ್ಧ ಮಿಲಿಮೀಟರ್ ದಪ್ಪದ ಎಳೆಗೆ 15 ಡಿಗ್ರಿಯಲ್ಲಿ ಇಷ್ಟು ಗಾಳಿ ಸಾಕು.

ಮಾರ್ಚ್ 9: ತೂಕ ಕಟ್ಟಿ ನೋಡಿದ್ದು

ಪ್ರಮಾಣ ತೂಕಕ್ಕೆ ಅಮೆರಿಕದ ನಿಕಲ್ ನಾಣ್ಯ ಬಳಸಿದೆವು, ಒಂದು ನಾಣ್ಯ 5 ಗ್ರಾಂ. ಹೊಸ ನಾಣ್ಯಗಳನ್ನೇ ಆರಿಸಿ, ಪ್ರಯೋಗಾಲಯದ ತಕ್ಕಡಿಯಲ್ಲಿ ಒಮ್ಮೆ ತೂಗಿ, ಒಂದರಿಂದ ಎಂಟರವರೆಗೆ ಏರಿಸಿ ಇಳಿಸಿದೆವು. ಗೆರೆ ನೇರ ಬಂತು.

ಆಮೇಲೆ 20 ಗ್ರಾಂ ತೂಗುಹಾಕಿ ಅರ್ಧ ಗಂಟೆ ಬಿಟ್ಟೆವು. 20.0 ಇದ್ದದ್ದು 18.9ಕ್ಕೆ ಬಂತು. ತೂಕ ಬದಲಾಗುವ ಪ್ರಶ್ನೆಯೇ ಇಲ್ಲ, ಅದು ಪೂರ್ತಿ ಡ್ರಿಫ್ಟ್. ಎರಡು ಕಾರಣ ಸಿಕ್ಕವು. ಒಂದು, ಬೋರ್ಡಿಗೆ ವಿದ್ಯುತ್ ಕೊಟ್ಟ ತಕ್ಷಣ ಅಳತೆ ಶುರು ಮಾಡಿದ್ದು. ಎಚ್‌ಎಕ್ಸ್ 711 ಮತ್ತು ಲೋಡ್ ಸೆಲ್ ಬೆಚ್ಚಗಾಗಿ ಒಂದು ಮಟ್ಟಕ್ಕೆ ಬರಲು ನಮ್ಮ ರಿಗ್‌ನಲ್ಲಿ 40 ನಿಮಿಷ ಬೇಕಾಯಿತು. ಇನ್ನೊಂದು, ಬಾತ್‌ನ ತಣ್ಣೀರ ಕವಚದ ಸುತ್ತಲಿನ ತಂಪು ಗಾಳಿ ಮತ್ತು ಕೋಣೆಯ ಹೀಟರ್ ಗಾಳಿ ಸರದಿಯಂತೆ ಲೋಡ್ ಸೆಲ್‌ಗೆ ತಾಗುತ್ತಿದ್ದದ್ದು. ಸೆಲ್ಲಿನ ಸುತ್ತ ಫೋಮ್ ಪೆಟ್ಟಿಗೆ ಮಾಡಿ, ತಂತಿ ಇಳಿಯಲು ಮಾತ್ರ 4 ಮಿಲಿಮೀಟರ್ ತೂತು ಬಿಟ್ಟೆವು. ಬೋರ್ಡನ್ನು ಒಂದು ಗಂಟೆ ಮೊದಲೇ ಹಚ್ಚಿದೆವು. ಈಗ ಅರ್ಧ ಗಂಟೆಯಲ್ಲಿ 0.1 ಗ್ರಾಂ. ಇದಕ್ಕಿಂತ ಕೆಳಗೆ ತರಲು ಹೋಗಲಿಲ್ಲ.

ಮಾರ್ಚ್ 13: ದಾರದ ಪರೀಕ್ಷೆ

ಈ ದಾಖಲೆಯಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಸ್ನಾಯುವಿನ ಜಾಗದಲ್ಲಿ ಏನೂ ಇಲ್ಲ. ದಾರದ ಕೆಳತುದಿಯನ್ನು ಬಾತ್‌ನ ತಳದ ಕೊಕ್ಕೆಗೆ ನೇರವಾಗಿ ಕಟ್ಟಿ, ನೀರು ತುಂಬಿ, ಸ್ಕ್ರೂ ತಿರುಗಿಸಿ 20 ಗ್ರಾಂ ಎಳೆತ ಕೊಟ್ಟು 20 ನಿಮಿಷ ನೋಡುವುದು. ನೈಲಾನ್ ಮೀನುದಾರ 20ರಿಂದ 16.3ಕ್ಕೆ ಇಳಿಯಿತು. ಹತ್ತಿ ದಾರ ನೆನೆದು ಮೊದಲು ಮೇಲೇರಿ ಆಮೇಲೆ ಇಳಿಯಿತು, ಅದನ್ನು ಅಲ್ಲಿಗೇ ಬಿಟ್ಟೆವು. 5-0 ರೇಷ್ಮೆ ಹೊಲಿಗೆ ದಾರ 19.2ರಲ್ಲಿ ನಿಂತಿತು. 0.2 ಮಿಲಿಮೀಟರ್ ಸ್ಟೀಲ್ ತಂತಿ 19.8.

ನೈಲಾನ್‌ನ ಗೆರೆಯನ್ನು ಮಸೆಲ್‌ನ ಬಿಗಿತ ನಿಧಾನವಾಗಿ ಬಿಡುವ ಗೆರೆಯ ಪಕ್ಕ ಇಟ್ಟರೆ ಯಾವುದು ಯಾವುದು ಎಂದು ಹೇಳಲಾಗದು. ನೈಲಾನ್ ಹಾಕಿಕೊಂಡು ಸ್ನಾಯು ಕಟ್ಟಿದ್ದರೆ ದಾರದ ಗುಣವನ್ನು ಸ್ನಾಯುವಿನ ಗುಣವೆಂದು ಬರೆದುಬಿಡುತ್ತಿದ್ದೆವು. ಉದ್ದಕ್ಕೂ ತಂತಿ, ಸ್ನಾಯುವಿನ ತುದಿಯಲ್ಲಿ ಮಾತ್ರ 5 ಮಿಲಿಮೀಟರ್ ರೇಷ್ಮೆ ಎಂದು ತೀರ್ಮಾನವಾಯಿತು. ಹೊಸ ಗಂಟನ್ನು ಬಳಸುವ ಮೊದಲು 40 ಗ್ರಾಂನಲ್ಲಿ ಹತ್ತು ನಿಮಿಷ ಎಳೆದು ಕೂರಿಸಬೇಕು. ಹಾಗೆ ಮಾಡದಿದ್ದರೆ ಮೊದಲ ಸಂಕೋಚನದಲ್ಲೇ ಗಂಟು ಬಿಗಿದುಕೊಂಡು ಅರ್ಧ ಗ್ರಾಂ ನುಂಗುತ್ತದೆ.

ಮಾರ್ಚ್ 16: ಸಮುದ್ರದ ನೀರು, ಔಷಧದ ದ್ರಾವಣ

ಒಂದು ಲೀಟರಿಗೆ: ಸೋಡಿಯಂ ಕ್ಲೋರೈಡ್ 24.72 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.67, ಎರಡು ನೀರಿನ ಅಣುವಿರುವ ಕ್ಯಾಲ್ಸಿಯಂ ಕ್ಲೋರೈಡ್ 1.36, ಆರು ನೀರಿನ ಅಣುವಿರುವ ಮೆಗ್ನೀಸಿಯಂ ಕ್ಲೋರೈಡ್ 4.66, ಏಳು ನೀರಿನ ಅಣುವಿರುವ ಮೆಗ್ನೀಸಿಯಂ ಸಲ್ಫೇಟ್ 6.29, ಸೋಡಿಯಂ ಬೈಕಾರ್ಬನೇಟ್ 0.18. ಕ್ಯಾಲ್ಸಿಯಂ ಕೊನೆಗೆ, ಉಳಿದದ್ದೆಲ್ಲ ಕರಗಿದ ಮೇಲೆ. ಮೊದಲೇ ಹಾಕಿದರೆ ಬಿಳಿ ಗಸಿ ಕೂರುತ್ತದೆ.

ಬೈಕಾರ್ಬನೇಟ್ ಒಂದನ್ನೇ ನಂಬಿದ್ದು ತಪ್ಪಾಯಿತು. ಸೆರೊಟೋನಿನ್ ಕೆಡದಿರಲಿ ಎಂದು ಅದನ್ನು 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ್ದೆವು. ಸ್ನಾಯು ಇಲ್ಲದೆ ಬರೀ ಆಮ್ಲವನ್ನು 100 ಮೈಕ್ರೊಲೀಟರ್ ಬಾತ್‌ಗೆ ಹಾಕಿ ನೋಡಿದಾಗ ಪಿಎಚ್ 7.8ರಿಂದ 6.3ಕ್ಕೆ ಬಿತ್ತು. ಅಷ್ಟು ಹುಳಿಯಾದ ನೀರಿನಲ್ಲಿ ಸ್ನಾಯು ಸಡಿಲಾದರೆ ಅದು ಸೆರೊಟೋನಿನ್ ಕೆಲಸವೋ ಆಮ್ಲದ ಕೆಲಸವೋ? ಎರಡು ತಿದ್ದುಪಡಿ ಮಾಡಿದೆವು. ನೀರಿಗೆ ಲೀಟರಿಗೆ 2.38 ಗ್ರಾಂ ಹೆಪೀಸ್ (ಪಿಎಚ್ ಬದಲಾಗದಂತೆ ಹಿಡಿದಿಡುವ ವಸ್ತು) ಸೇರಿಸಿ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7.8ಕ್ಕೆ ತಂದೆವು. ಔಷಧ ಕರಗಿಸುವ ಆಮ್ಲವನ್ನು 0.01 ಮೋಲಾರ್‌ಗೆ ಇಳಿಸಿ, 10 ಮೈಕ್ರೊಲೀಟರ್‌ಗಿಂತ ಹೆಚ್ಚು ಹಾಕದಂತೆ ದ್ರಾವಣದ ಸಾಂದ್ರತೆ ಹೊಂದಿಸಿದೆವು. ಪ್ರತಿ ಪ್ರಯೋಗದಲ್ಲೂ ಮೊದಲು ಬರೀ ಆಮ್ಲ, ಆಮೇಲೆ ಔಷಧ.

ಅಸಿಟೈಲ್‌ಕೋಲಿನ್ ಕ್ಲೋರೈಡ್ 18.2 ಮಿಲಿಗ್ರಾಂ 10 ಮಿಲಿಲೀಟರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಅದರ 100 ಮೈಕ್ರೊಲೀಟರ್ ಬಾತ್‌ಗೆ ಹಾಕಿದರೆ 100 ಮೈಕ್ರೊಮೋಲಾರ್. ಪುಡಿ ಗಾಳಿಯ ತೇವ ಹೀರಿ ನೋಡುತ್ತಿದ್ದಂತೆ ಅಂಟಂಟಾಗುತ್ತದೆ. ಬಾಟಲಿ ಫ್ರಿಜ್‌ನಿಂದ ತೆಗೆದು ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬಾರದು. ಕ್ಷಾರದ ನೀರಿನಲ್ಲಿ ಒಡೆದುಹೋಗುವ ವಸ್ತುವಾದ್ದರಿಂದ ಆಯಾ ದಿನದ್ದು ಆಯಾ ದಿನವೇ.

ಮಾರ್ಚ್ 17: ಮೊದಲ ಸ್ನಾಯು, ಹಾಳಾದ ಲೋಡ್ ಸೆಲ್

ಬೇಕಾದ ಸ್ನಾಯುವಿನ ಹೆಸರು ಆಂಟೀರಿಯರ್ ಬಿಸಸ್ ರಿಟ್ರಾಕ್ಟರ್. ಮಸೆಲ್ ಬಂಡೆಗೆ ಅಂಟಿಕೊಳ್ಳಲು ಬಿಡುವ ನಾರುಗಳಿಗೆ ಬಿಸಸ್ ಎನ್ನುತ್ತಾರೆ. ಆ ನಾರಿನ ಬುಡದಿಂದ ಚಿಪ್ಪಿನ ಚೂಪು ತುದಿಯ ಒಳಗೋಡೆಗೆ ಎರಡು ಬಿಳಿ ಪಟ್ಟಿಗಳು ಓಡುತ್ತವೆ. ಬೇಕಾದದ್ದು ಅವೇ. ಅಗಲ ತುದಿಯ ಕಡೆಗೆ ಬೀಸಣಿಗೆಯಂತೆ ಹರಡಿರುವವು ಬೇರೆ, ಅವನ್ನು ತೆಗೆದುಕೊಳ್ಳಬಾರದು.

6ರಿಂದ 7 ಸೆಂಟಿಮೀಟರ್ ಉದ್ದದ ಮಸೆಲ್ ಆರಿಸಿ. ಐಸ್ ಮೇಲೆ ದಿನಗಟ್ಟಲೆ ಮಲಗಿದ ಅಂಗಡಿಯ ಮಸೆಲ್‌ಗಳಿಂದ ತೆಗೆದ ಎಳೆಗಳಲ್ಲಿ ಅರ್ಧದಷ್ಟು ಸ್ಪಂದಿಸಲೇ ಇಲ್ಲ. ಸಾಕಣೆಯವರಿಂದ ನೇರವಾಗಿ ತಂದು 10 ಡಿಗ್ರಿಯ ತೊಟ್ಟಿಯಲ್ಲಿ ಎರಡು ದಿನ ಇಟ್ಟವು ಚೆನ್ನಾಗಿ ಕೆಲಸ ಮಾಡಿದವು. ಒಟ್ಟಿಗೆ ಅಂಟಿಕೊಂಡಿದ್ದರೆ ನಾರನ್ನು ಕತ್ತರಿಯಿಂದ ಕತ್ತರಿಸಿ. ಕೈಯಿಂದ ಕಿತ್ತರೆ ಬುಡದೊಂದಿಗೆ ಸ್ನಾಯುವಿನ ತುದಿಯೂ ಹರಿಯುತ್ತದೆ.

ಚಿಪ್ಪಿನ ಸಂದಿಯಲ್ಲಿ ಸಣ್ಣ ಚಾಕು ತೂರಿಸಿ ಚಿಪ್ಪನ್ನು ಮುಚ್ಚಿ ಹಿಡಿಯುವ, ಅಗಲ ತುದಿಯ ದಪ್ಪ ಆಡಕ್ಟರ್ ಸ್ನಾಯು ಕತ್ತರಿಸಿದರೆ ಚಿಪ್ಪು ತೆರೆದುಕೊಳ್ಳುತ್ತದೆ. ಮಂಗಳೂರು, ಉಡುಪಿ ಕಡೆ ಪಚ್ಚಿಲೆ ಬಿಡಿಸಿ ಕೈ ಪಳಗಿದವರಿಗೆ ಇಲ್ಲಿ ಒಂದು ಎಚ್ಚರಿಕೆ. ಪಚ್ಚಿಲೆ, ಅಂದರೆ ಹಸಿರು ಮಸೆಲ್ ಪೆರ್ನಾ ವಿರಿಡಿಸ್‌ನಲ್ಲಿ, ಚೂಪು ತುದಿಯ ಆಡಕ್ಟರ್ ಇರುವುದಿಲ್ಲ. ನೀಲಿ ಮಸೆಲ್‌ನಲ್ಲಿ ಅಲ್ಲೊಂದು ಸಣ್ಣದಿದೆ. ಅದನ್ನು ರಿಟ್ರಾಕ್ಟರ್‌ನ ತುದಿ ಎಂದು ತಿಳಿದು ಕತ್ತರಿಸಿಕೊಂಡರೆ ಕೈಗೆ ಬರುವುದು ತಪ್ಪು ಸ್ನಾಯು.

ಕಿವಿರು ಮತ್ತು ಮೈ ಹೊದ್ದಿರುವ ಪದರವಾದ ಮ್ಯಾಂಟಲ್ ಸರಿಸಿ, ಸ್ನಾಯು ಇನ್ನೂ ಮೈಯಲ್ಲಿರುವಾಗಲೇ ಅದರ ಉದ್ದ ಅಳೆದು ಬರೆದುಕೊಳ್ಳಬೇಕು. ನಮ್ಮದು 22 ಮಿಲಿಮೀಟರ್. ಬಿಡಿಸಿದ ಮೇಲೆ ಸ್ನಾಯು ಮುದುಡಿಕೊಳ್ಳುವುದರಿಂದ ಆಮೇಲೆ ಅಳೆದ ಉದ್ದಕ್ಕೆ ಅರ್ಥವಿಲ್ಲ. ಒಂದು ತುದಿಯಲ್ಲಿ 4 ಮಿಲಿಮೀಟರ್ ಚೌಕದಷ್ಟು ಚಿಪ್ಪನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ಸ್ನಾಯುವಿಗೆ ಅಂಟಿದಂತೆಯೇ ಬಿಡಿ. ಇನ್ನೊಂದು ತುದಿಯಲ್ಲಿ ಬಿಸಸ್ ಬುಡದ ತುಣುಕು ಇರಲಿ. ಚಿಪ್ಪಿನ ಚೂರನ್ನು ತಳದ ಕ್ಲಿಪ್‌ಗೆ ಸಿಕ್ಕಿಸಿ, ಬಿಸಸ್ ತುಣುಕಿನ ಸುತ್ತ ರೇಷ್ಮೆ ಕಟ್ಟಿದರೆ ಗಂಟು ಜಾರುವುದಿಲ್ಲ. ಬರೀ ಸ್ನಾಯುವಿಗೆ ಕಟ್ಟಿದ ಗಂಟುಗಳೆಲ್ಲ ಲೋಳೆಯಲ್ಲಿ ಜಾರಿದವು.

ಇಷ್ಟು ಸರಿಯಾಗಿಯೇ ಆಯಿತು. ಆಮೇಲೆ ಪೂರ್ತಿ ಸ್ನಾಯುವನ್ನೇ 100 ಗ್ರಾಂ ಸೆಲ್‌ಗೆ ಕಟ್ಟಿದೆವು. ಅಸಿಟೈಲ್‌ಕೋಲಿನ್ ಹಾಕಿದ ಅರ್ಧ ನಿಮಿಷದಲ್ಲಿ ಗೆರೆ 100 ದಾಟಿತು, 140 ದಾಟಿತು, ಇನ್ನೂ ಏರುತ್ತಿತ್ತು. ಸ್ಕ್ರೂ ಸಡಿಲಿಸುವಷ್ಟರಲ್ಲಿ ಸೆಲ್ ಬಾಗಿಯಾಗಿತ್ತು. ಭಾರವೆಲ್ಲ ತೆಗೆದ ಮೇಲೂ ಸೊನ್ನೆ 3.8 ಗ್ರಾಂಗೆ ಸರಿದು ನಿಂತಿತು. ಈ ಸ್ನಾಯು ಒಂದು ಚದರ ಮಿಲಿಮೀಟರಿಗೆ ಸುಮಾರು 100 ಗ್ರಾಂನಷ್ಟು ಎಳೆಯಬಲ್ಲದು ಎಂಬ ಲೆಕ್ಕ ಮೊದಲೇ ಗೊತ್ತಿತ್ತು. ಅದನ್ನು ಸೆಲ್ಲಿನ ಮಿತಿಯ ಪಕ್ಕ ಇಟ್ಟು ನೋಡಲಿಲ್ಲ, ಅಷ್ಟೇ. 11 ಡಾಲರ್ ಹೋಯಿತು, ಜೊತೆಗೆ ಹೊಸ ಸೆಲ್ ಬರುವವರೆಗೆ ಐದು ದಿನ.

ಪರಿಹಾರ ಸುಲಭ. ಸೂಕ್ಷ್ಮದರ್ಶಕದ ಕೆಳಗೆ, ತೆಳು ಚಿಮಟದಿಂದ, ಬಿಸಸ್ ತುದಿಯಿಂದ ಶುರುಮಾಡಿ ನಾರಿನ ದಿಕ್ಕಿನಲ್ಲೇ ಅರ್ಧ ಮಿಲಿಮೀಟರ್ ದಪ್ಪದ ಎಳೆಯೊಂದನ್ನು ಸೀಳಿ ತೆಗೆಯುವುದು. ಅಡ್ಡಡ್ಡ ಎಳೆದರೆ ನಾರು ತುಂಡಾಗುತ್ತದೆ. ಅರ್ಧ ಮಿಲಿಮೀಟರ್ ಎಳೆ ಹೆಚ್ಚೆಂದರೆ 20 ಗ್ರಾಂ ಆಸುಪಾಸು ಎಳೆಯುತ್ತದೆ. ಔಷಧವೂ ಒಳಗಿನವರೆಗೆ ಬೇಗ ಇಳಿಯುತ್ತದೆ.

ಮಾರ್ಚ್ 23: ಹಿಡಿತ ನಿಲ್ಲಲಿಲ್ಲ

ಹೊಸ ಸೆಲ್, ತೆಳು ಎಳೆ, 15 ಡಿಗ್ರಿ, ಎರಡು ಗಂಟೆ ವಿಶ್ರಾಂತಿ, ಆರಂಭದ ಎಳೆತ 0.5 ಗ್ರಾಂ. ಅಸಿಟೈಲ್‌ಕೋಲಿನ್‌ಗೆ 17 ಗ್ರಾಂ ಬಂತು. ತೊಳೆದ ನಾಲ್ಕು ನಿಮಿಷಕ್ಕೆ 2 ಗ್ರಾಂಗೆ ಇಳಿಯಿತು. ಮೂರು ಸಲವೂ ಹಾಗೇ. ಸೆರೊಟೋನಿನ್ ಹಾಕುವ ಮೊದಲೇ ಯಾರೋ ಸೆರೊಟೋನಿನ್ ಹಾಕಿದಂತೆ.

ದಾರವಲ್ಲ, ಅದನ್ನು ಪರೀಕ್ಷಿಸಿ ಆಗಿತ್ತು. ಎಳೆಯನ್ನು ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿಸಸ್ ಬುಡದ ತುಣುಕಿನ ಜೊತೆ ಕಿತ್ತಳೆ ಛಾಯೆಯ ಪುಟ್ಟ ಜೋಡಿ ಗಂಟು ಉಳಿದಿತ್ತು. ಅದು ಪಾದದ ನರಗ್ರಂಥಿ. ಈ ಸ್ನಾಯುವನ್ನು ಸಡಿಲಿಸುವ ನರಗಳು ಬರುವುದು ಅಲ್ಲಿಂದ, ಆ ನರಗಳು ಬಿಡುವುದೂ ಸೆರೊಟೋನಿನ್ನೇ. ಗ್ರಂಥಿ ತಾನೇ ಮಿಡಿಯುತ್ತಾ ಸ್ನಾಯುವನ್ನು ಬಿಡಿಸುತ್ತಿದ್ದಿರಬೇಕು. ಮುಂದಿನ ಎಳೆಗಳಲ್ಲಿ ಗ್ರಂಥಿಯನ್ನು ಪೂರ್ತಿ ಕೆರೆದು ತೆಗೆದೆವು, ತೊಂದರೆ ಮರಳಿ ಬರಲಿಲ್ಲ.

ನರದ ಪಾತ್ರವನ್ನು ತಳ್ಳಿಹಾಕಲು ನರವಿಷ ಹಾಕಿ ಬಾಯಿ ಮುಚ್ಚಿಸುವ ವಾಡಿಕೆಯ ಉಪಾಯ ಇಲ್ಲಿ ನಂಬುವಂತಿಲ್ಲ. ಟ್ವಾರಾಗ್ ಅವರೇ ಮುಂದೆ ಚಿಪ್ಪುಜೀವಿಗಳ ನರಗಳ ಮೇಲೆ ಟೆಟ್ರೊಡೊಟಾಕ್ಸಿನ್, ಸ್ಯಾಕ್ಸಿಟಾಕ್ಸಿನ್ ಹಾಕಿ ನೋಡಿ, ಕೆಲವು ಜಾತಿಗಳು ಅವಕ್ಕೆ ಬಗ್ಗುವುದಿಲ್ಲ ಎಂದು 1972ರಲ್ಲಿ ಜೊತೆಗಾರರೊಂದಿಗೆ ಪ್ರಕಟಿಸಿದರು. ಸ್ಯಾಕ್ಸಿಟಾಕ್ಸಿನ್ ಅಂದರೆ ಕೆಂಪು ಅಲೆ (ಸಮುದ್ರದಲ್ಲಿ ವಿಷದ ಪಾಚಿ ವಿಪರೀತ ಹೆಚ್ಚುವುದು) ಬಂದಾಗ ಮಸೆಲ್‌ನಲ್ಲಿ ಸೇರಿಕೊಂಡು ತಿಂದವರಿಗೆ ಪಾರ್ಶ್ವವಾಯು ತರುವ ವಿಷ. ಕರಾವಳಿಯಲ್ಲಿ ನೀವೇ ಮಸೆಲ್ ಆಯುವುದಾದರೆ ಸರ್ಕಾರದ ನಿಷೇಧ ಸೂಚನೆ ನೋಡಿಯೇ ಹೋಗಿ. ತೊಟ್ಟಿಯಲ್ಲಿ ಉಳಿದದ್ದನ್ನು ಅಡುಗೆಗೆ ಒಯ್ಯಬೇಡಿ.

ಮಾರ್ಚ್ 30: ಎರಡು ಬಾಟಲಿ, ಎರಡು ಉತ್ತರ

ಎಷ್ಟು ಕಡಿಮೆ ಸೆರೊಟೋನಿನ್ ಸಾಕು ಎಂದು ನೋಡಲು 10 ನ್ಯಾನೊಮೋಲಾರ್‌ನಿಂದ ಮೇಲೇರಿಸುತ್ತಾ ಹೋದೆವು. ಹಳೆಯ ಬಾಟಲಿಯ ದ್ರಾವಣಕ್ಕೂ ಹೊಸ ಬಾಟಲಿಯದಕ್ಕೂ ಸರಿಸುಮಾರು ಎರಡು ಪಟ್ಟು ವ್ಯತ್ಯಾಸ. ಒಂದೇ ಮಸೆಲ್‌ನ ಎಳೆಗಳಲ್ಲೂ ಅದೇ ವ್ಯತ್ಯಾಸ ಬಂದದ್ದರಿಂದ ಸ್ನಾಯುವನ್ನು ದೂರುವಂತಿರಲಿಲ್ಲ.

ಕಾರಣ ಲೇಬಲ್‌ನಲ್ಲಿತ್ತು. ಹಳೆಯದು ಸೆರೊಟೋನಿನ್ ಹೈಡ್ರೊಕ್ಲೋರೈಡ್, ಅಣುತೂಕ 212.7. ಹೊಸದು ಸೆರೊಟೋನಿನ್ ಕ್ರಿಯಾಟಿನಿನ್ ಸಲ್ಫೇಟ್, ನೀರಿನ ಒಂದು ಅಣು ಸೇರಿ 405.4. ಎರಡಕ್ಕೂ 21.3 ಮಿಲಿಗ್ರಾಂ ತೂಗಿದ್ದೆವು. 10 ಮಿಲಿಲೀಟರ್‌ನಲ್ಲಿ 10 ಮಿಲಿಮೋಲಾರ್ ಆಗಲು ಎರಡನೆಯದಕ್ಕೆ 40.5 ಮಿಲಿಗ್ರಾಂ ಬೇಕು. ಹೊಸ ಬಾಟಲಿಯಿಂದ ಹಾಕಿದ್ದೆಲ್ಲ ಬರೆದುಕೊಂಡದ್ದರ ಅರ್ಧ. ಒಂದೇ ಪ್ರಮಾಣ ಹಾಕಿ ಸಡಿಲಾಯಿತೇ ಎಂದಷ್ಟೇ ನೋಡುತ್ತಿದ್ದರೆ ಈ ತಪ್ಪು ಎಂದೂ ಹೊರಬರುತ್ತಿರಲಿಲ್ಲ, ಅರ್ಧ ಪ್ರಮಾಣಕ್ಕೂ ಸ್ನಾಯು ಬಿಡುತ್ತದೆ. ಈಗ ಪ್ರತಿ ಕೊಳವೆಯ ಮೇಲೂ ಲವಣದ ಹೆಸರು ಮತ್ತು ಅಣುತೂಕ ಬರೆಯುತ್ತಿದ್ದೇವೆ.

ಇನ್ನೊಂದು: ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಿರಿ. ಬೆಳಕು, ಗಾಳಿ, ಕ್ಷಾರ ಮೂರೂ ಸೆರೊಟೋನಿನ್‌ಗೆ ಆಗದು. ಚಿಕ್ಕ ಕೊಳವೆಗಳಲ್ಲಿ ಹಂಚಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿಟ್ಟು, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸದೆ ಬಳಸಿ.

ಏಪ್ರಿಲ್ 5: ಸರಿಯಾದ ದಾಖಲೆ

ಅಸಿಟೈಲ್‌ಕೋಲಿನ್ 100 ಮೈಕ್ರೊಮೋಲಾರ್, ಎರಡು ನಿಮಿಷ: 21 ಗ್ರಾಂ. ಆರು ಸಲ ತೊಳೆದೆವು. ಹತ್ತು ನಿಮಿಷಕ್ಕೆ 14, ಅರ್ಧ ಗಂಟೆಗೆ 11. ಬರೀ ಆಮ್ಲ 10 ಮೈಕ್ರೊಲೀಟರ್: ಏನೂ ಇಲ್ಲ. ಸೆರೊಟೋನಿನ್ 1 ಮೈಕ್ರೊಮೋಲಾರ್: 100 ಸೆಕೆಂಡಿನಲ್ಲಿ 1 ಗ್ರಾಂಗಿಂತ ಕೆಳಗೆ.

ಆ ಗೆರೆ ಬೀಳುವುದನ್ನು ನೋಡಿಯೇ ತಿಳಿಯಬೇಕು. ಅರ್ಧ ಗಂಟೆ ಚಿಲಕ ಹಾಕಿದಂತೆ ಕೂತಿದ್ದ ಸ್ನಾಯು, ಚಿಲಕ ತೆಗೆದ ಹಾಗೆ ಒಮ್ಮೆಲೇ ಬಿಡುತ್ತದೆ. ಸಂಶೋಧಕರು ಈ ಹಿಡಿತಕ್ಕೆ ಕ್ಯಾಚ್ ಎನ್ನುತ್ತಾರೆ. ಹಿಡಿತದಲ್ಲಿರುವಾಗ ಸ್ನಾಯುಕೋಶದ ಒಳಗಿನ ಕ್ಯಾಲ್ಸಿಯಂ ವಿಶ್ರಾಂತಿಯ ಮಟ್ಟಕ್ಕೆ ಮರಳಿರುತ್ತದೆ. ಸೆರೊಟೋನಿನ್ ಬಂದಾಗ ಕೋಶದೊಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ಏರಿ, ಟ್ವಿಚಿನ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಸೇರಿ, ಹಿಡಿತ ಬಿಡುತ್ತದೆ. ಡೋಪಮೀನ್ ಕೂಡ ಈ ಸ್ನಾಯುವನ್ನು ಬಿಡಿಸುತ್ತದೆ. ಪಿಪೆಟ್ ತುದಿ ಬದಲಿಸದೆ ಎರಡು ಔಷಧ ಮುಟ್ಟಬೇಡಿ.

ಏಪ್ರಿಲ್ 8: ಹಿಡಿತವೋ, ಉಳಿದ ಔಷಧವೋ?

ತೊಳೆದದ್ದು ಸಾಲದೆ ಅಸಿಟೈಲ್‌ಕೋಲಿನ್ ಉಳಿದು ಸ್ನಾಯು ಇನ್ನೂ ಎಳೆಯುತ್ತಿದ್ದರೂ ಗೆರೆ ಹೀಗೇ ಕಾಣುತ್ತದೆ. ಬೇರ್ಪಡಿಸುವ ಪರೀಕ್ಷೆಯನ್ನು ಜ್ಯೂವೆಲ್ 1959ರಲ್ಲೇ ಇದೇ ಸ್ನಾಯುವಿನಲ್ಲಿ ಮಾಡಿದ್ದರು: ಸ್ನಾಯುವನ್ನು ಥಟ್ಟನೆ ಚೂರು ಸಡಿಲಿಸಿ, ಬಿಗಿತ ಮತ್ತೆ ಏರುತ್ತದೆಯೇ ನೋಡುವುದು. ಎಳೆಯುತ್ತಿರುವ ಸ್ನಾಯು ಮತ್ತೆ ಬಿಗಿಯುತ್ತದೆ, ಹಿಡಿದು ಕೂತಿರುವುದು ಬಿಗಿಯುವುದಿಲ್ಲ.

ಎಂ-3 ಸ್ಕ್ರೂ ಒಂದು ಸುತ್ತು, ಅರ್ಧ ಮಿಲಿಮೀಟರ್, 22ಕ್ಕೆ ಎರಡು ಪ್ರತಿಶತಕ್ಕಿಂತ ಚೂರು ಹೆಚ್ಚು. ಅಸಿಟೈಲ್‌ಕೋಲಿನ್ ಇದ್ದಾಗ 20ರಿಂದ 3ಕ್ಕೆ ಬಿದ್ದು 14ಕ್ಕೆ ಏರಿತು. ತೊಳೆದ 15 ನಿಮಿಷಕ್ಕೆ ಮಾಡಿದಾಗ 13ರಿಂದ 1ಕ್ಕೆ ಬಿದ್ದು 1.6ರಲ್ಲಿ ನಿಂತಿತು. ಇದು ಕ್ಯಾಚ್ ಎಂದು ಧೈರ್ಯವಾಗಿ ಬರೆಯಲು ಇಷ್ಟು ಸಾಕಾಯಿತು. ಕೈಯಿಂದ ತಿರುಗಿಸಲು ಅರ್ಧ ಸೆಕೆಂಡ್ ಹಿಡಿಯುತ್ತದೆ. ಈ ನಿಧಾನ ಸ್ನಾಯುವಿನಲ್ಲಿ ಹೌದು-ಅಲ್ಲ ಎಂಬ ಉತ್ತರಕ್ಕೆ ಅದು ಸಾಕು, ವೇಗದ ಲೆಕ್ಕಕ್ಕೆ ಸಾಲದು.

ಏಪ್ರಿಲ್ 12: ನಲ್ಲಿಯ ಮೂಲೆ

ಎರಡನೆಯ ಸುತ್ತಿನಲ್ಲಿ ಕ್ಯಾಚ್ ಬರುತ್ತಿರಲಿಲ್ಲ. ಅಸಿಟೈಲ್‌ಕೋಲಿನ್‌ಗೆ ಬಿಗಿತ ಬಂದು, ತೊಳೆದ ತಕ್ಷಣ ಇಳಿಯುತ್ತಿತ್ತು. ಹಿಂದಿನ ಸುತ್ತಿನ ಸೆರೊಟೋನಿನ್ ಎಲ್ಲೋ ಉಳಿದಿದೆ ಎಂದರ್ಥ. ಬಾತ್‌ನ ತಳದ ನಲ್ಲಿಗೆ ಅಡ್ಡವಾಗಿ ಹಾಕಿದ್ದ ಕೊಳವೆಯ ತುಂಡಿನಲ್ಲಿ ಒಂದೂವರೆ ಮಿಲಿಲೀಟರ್ ನೀರು ನಿಂತಲ್ಲೇ ನಿಲ್ಲುತ್ತಿತ್ತು. ಬಣ್ಣದ ನೀರು ಹಾಕಿ ತೊಳೆದು ನೋಡಿದಾಗ ಹತ್ತನೆಯ ತೊಳೆತದಲ್ಲೂ ಬಣ್ಣ ಜಿನುಗುತ್ತಿತ್ತು. ಆ ತುಂಡನ್ನು ತೆಗೆದು ನಲ್ಲಿಯನ್ನು ಬಾತ್‌ಗೆ ನೇರ ಜೋಡಿಸಿದೆವು. ಈಗ ಕೆಳಗಿನಿಂದ 100 ಮಿಲಿಲೀಟರ್ ಹರಿಸಿ, 20 ನಿಮಿಷ ಬಿಟ್ಟು, ಮತ್ತೆ ಹರಿಸಿದರೆ ಸಾಕು. ಬಾತ್ ಬರಿದು ಮಾಡಿ ತುಂಬಬೇಡಿ, ಪ್ರತಿ ಸಲವೂ ಸ್ನಾಯು ಅಲುಗಾಡಿ ಗೆರೆಯಲ್ಲಿ ಮುಳ್ಳು ಏಳುತ್ತದೆ. ಈ ಬಣ್ಣದ ಪರೀಕ್ಷೆಯನ್ನು ಮಾರ್ಚ್ 6ರಂದೇ ಮಾಡಬೇಕಿತ್ತು.

ಏಪ್ರಿಲ್ 15: ವಿದ್ಯುತ್, ಇಲ್ಲಿಗೆ ನಿಂತಿದೆ

ವಿಂಟನ್ 1937ರಲ್ಲಿ ತೋರಿಸಿದ್ದನ್ನು ಮಾಡಿ ನೋಡುವುದು ಮುಂದಿನ ಕೆಲಸ. ಈ ಸ್ನಾಯುವಿಗೆ ಒಂದೇ ದಿಕ್ಕಿನ ವಿದ್ಯುತ್ ಕೊಟ್ಟರೆ ಹಿಡಿದು ಕೂರುತ್ತದೆ, ದಿಕ್ಕು ಬದಲಿಸುವ ವಿದ್ಯುತ್ ಕೊಟ್ಟರೆ ಎಳೆದು ಬೇಗ ಬಿಡುತ್ತದೆ. ಎರಡನೆಯದರಲ್ಲಿ ಸಡಿಲಿಸುವ ನರಗಳೂ ಎಚ್ಚೆತ್ತು ತಮ್ಮ ಸೆರೊಟೋನಿನ್ ಬಿಡುತ್ತವೆ.

ಮೊದಲ ಪ್ರಯತ್ನ ಎಳೆಯ ಎರಡೂ ಪಕ್ಕ ಸ್ಟೀಲ್ ತಂತಿ ಇಟ್ಟು. 10 ಸೆಕೆಂಡ್ ನೇರ ವಿದ್ಯುತ್‌ಗೆ ಒಂದು ಧ್ರುವದಲ್ಲಿ ಗುಳ್ಳೆ, ಇನ್ನೊಂದರಲ್ಲಿ ತುಕ್ಕಿನ ಬಣ್ಣ. ಪ್ಲಾಟಿನಮ್ ಹಾಕಿದಾಗ ತುಕ್ಕು ಇಲ್ಲ, ಆದರೆ ಈಜುಕೊಳದ ವಾಸನೆ. ಉಪ್ಪುನೀರಿನಲ್ಲಿ ನೇರ ವಿದ್ಯುತ್ ಹರಿದರೆ ಕ್ಲೋರಿನ್ ಬರುತ್ತದೆ ಎಂಬುದನ್ನು ಗಣಿಸಿರಲಿಲ್ಲ. ಮೂರನೆಯ ಸಲಕ್ಕೆ ಎಳೆ ಅಸಿಟೈಲ್‌ಕೋಲಿನ್‌ಗೂ ಸ್ಪಂದಿಸಲಿಲ್ಲ, ಸತ್ತಿತ್ತು. ಎರಡು ಎಳೆ ಹೀಗೆ ಹೋದವು.

ಈಗ ಬ್ಲೀಚ್‌ನಲ್ಲಿ ಅದ್ದಿ ಕಪ್ಪಾಗಿಸಿದ ಬೆಳ್ಳಿ ತಂತಿಗಳನ್ನು ತೊಳೆದು ಒಣಗಲು ಇಟ್ಟಿದೆ. ಅವನ್ನು ಬಾತ್‌ನಲ್ಲಲ್ಲ, ಪಕ್ಕದ ಎರಡು ಸಣ್ಣ ಬಾಟಲಿಗಳಲ್ಲಿಟ್ಟು, ಅಗಾರ್ ತುಂಬಿದ ಕೊಳವೆಗಳ ಮೂಲಕ ಎಳೆಯ ಎರಡು ತುದಿಗೆ ವಿದ್ಯುತ್ ಮುಟ್ಟಿಸಬೇಕು. ಬೆಳ್ಳಿಯ ಅಯಾನು ಸ್ನಾಯುವಿಗೆ ತಾಗಬಾರದು. ಅಗಾರ್ ಮೂರು ಪ್ರತಿಶತ, ಅದೇ ಸಮುದ್ರದ ನೀರಿನಲ್ಲಿ ಕುದಿಸಿದ್ದು. ಕೊಳವೆಗಳನ್ನು ಕೂರಿಸಿದ ಮೇಲೆ ಸ್ನಾಯು ಇಲ್ಲದೆ, 20 ಗ್ರಾಂ ಎಳೆತದಲ್ಲಿ, ದಾರದ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಅಗಾರ್ ಕೊಳವೆ ತಂತಿಗೆ ತಾಗಿದರೂ ಗೆರೆ ಇಳಿಯುತ್ತದೆ.